ಸತ್ಯಾಂಶ: ಬೆಳೆದ ಮಗನ ಸಾಲಕ್ಕೆ ಅಪ್ಪ ಹೊಣೆಯೇ?

ಮಗ ಕಟ್ಟದಿದ್ದರೆ ಅಪ್ಪನ ತೋಟಕ್ಕೇ ಕುತ್ತು ಎಂಬ ಸಂದೇಶ ತೀರ್ಥಹಳ್ಳಿ, ಸಾಗರದ ಕಡೆಯ ಫೋನುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಹೆದರಿದವರು ಕಳಿಸುತ್ತಾರೆ, ತಪ್ಪೇನಿಲ್ಲ. ಆದರೆ ವಿಷಯ ಹಾಗಿಲ್ಲ.

18 ತುಂಬಿದವರು ತಮ್ಮ ಹೆಸರಲ್ಲಿ ಮಾಡಿದ ಸಾಲಕ್ಕೆ ಅವರೇ ಹೊಣೆ. ಹೆತ್ತವರು ಸಿಕ್ಕಿಕೊಳ್ಳುವುದು ಜಾಮೀನು ನಿಂತಿದ್ದರೆ, ಜಂಟಿಯಾಗಿ ಸಾಲ ಪಡೆದಿದ್ದರೆ ಅಥವಾ ಜಮೀನು ಅಡವಿಟ್ಟಿದ್ದರೆ. 1872ರ ಕರಾರು ಕಾಯ್ದೆಯಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ದೊಡ್ಡದು. ಹಾಗಾಗಿ "ಒಂದು ಸೈನ್ ಅಷ್ಟೇ ಅಪ್ಪಯ್ಯ" ಎಂದಾಗ ಪೆನ್ನು ಕೆಳಗಿಡುವುದು ಕಲ್ಲುಮನಸ್ಸಲ್ಲ. ಊಟ ಬಡಿಸಿ, ಆಸ್ಪತ್ರೆಗೆ ಜೊತೆಗೆ ಹೋಗಿ. ಸಹಿಯ ಮಾತು ಬೇರೆ.

ವಸೂಲಿಗೆ ಫೋನ್ ಬಂದರೆ ನಿಮ್ಮ ಸಹಿಯಿರುವ ಪತ್ರದ ಪ್ರತಿ ಕೇಳಿ. ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಋಣಗಳು ದಾಖಲಾಗುವುದು ಅಲ್ಲಿ. ಪಿತ್ರಾರ್ಜಿತದಲ್ಲಿ ಮಗನ ಪಾಲಿನ ಲೆಕ್ಕ ಬೇರೆ, ಅದಕ್ಕೆ ಉಚಿತ ಕಾನೂನು ನೆರವಿನ 15100ಕ್ಕೆ ಕರೆ ಮಾಡಿ.