ದೊಡ್ಡವರಿಗೆ ದೊಡ್ಡಕ್ಷರ

ನಮ್ಮ ಕಡೆಯ ಸಂಘವೊಂದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಸಂತೋಷಕೂಟಕ್ಕೆ ಇಂಗ್ಲಿಷಿನಲ್ಲಿ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿತ್ತು. ಚೀಫ್ ಗೆಸ್ಟ್‌ಗೆ ದೊಡ್ಡ ಸಿ, ದೊಡ್ಡ ಜಿ. ಪ್ರೆಸಿಡೆಂಟ್‌ಗೆ ದೊಡ್ಡ ಪಿ. ಊಟದ ಖರ್ಚು ವಹಿಸಿಕೊಂಡವರ ಹೆಸರು ಪೂರ್ತಿ ದೊಡ್ಡಕ್ಷರ. ಹುತ್ತರಿಗೆ ಮಾತ್ರ ಸಣ್ಣ ಎಚ್, ಮಡಿಕೇರಿಗೆ ಸಣ್ಣ ಎಂ.

ವ್ಯಾಕರಣ ಹೇಳುವುದು ಇದರ ಉಲ್ಟಾ. ಊರು, ಹೊಳೆ, ಬೆಟ್ಟ, ಹಬ್ಬ, ಇವುಗಳ ಹೆಸರಿಗೆ ದೊಡ್ಡಕ್ಷರ ಬೇಕೇ ಬೇಕು. ಹುದ್ದೆ ಯಾರದಾದರೂ ಹೆಸರಿಗೆ ಅಂಟಿಕೊಂಡು ಬಂದರೆ ದೊಡ್ಡದು. ಸುಮ್ನೆ 'ಅಧ್ಯಕ್ಷರು ಬಂದರು' ಅನ್ನುವಲ್ಲಿ ಸಣ್ಣದೇ ಸಾಕು. ಇದನ್ನು ಅಧ್ಯಕ್ಷರಿಗೆ ಹೇಳುವವರು ಯಾರು?

ನಮ್ಮನ್ನೂ ದೂರುವ ಹಾಗಿಲ್ಲ. ಕನ್ನಡದ ಅಕ್ಷರಗಳಲ್ಲಿ ದೊಡ್ಡದು ಸಣ್ಣದು ಅನ್ನುವ ಭೇದವೇ ಇಲ್ಲ. ಮರ್ಯಾದೆಗೆ 'ಮಾನ್ಯ' ಇದೆ, 'ಅವರು' ಇದೆ, ಸಾಲದಿದ್ದರೆ 'ಸನ್ಮಾನ್ಯ' ಇದೆ. ಇಂಗ್ಲಿಷಿನಲ್ಲಿ ಸಾಹೇಬರೂ 'ಹಿ', ಅವರ ಕಾರು ತೊಳೆಯುವವನೂ 'ಹಿ'. ಬಹುವಚನ ಎಲ್ಲಿ ಕೊಡುವುದು? ದೊಡ್ಡಕ್ಷರದಲ್ಲಿ ಕೊಟ್ಟೆವು.

ಕೊಡಗಿನಲ್ಲಿ ಈ ಫಜೀತಿ ಸ್ವಲ್ಪ ಜಾಸ್ತಿ. ಎತ್ತ ತಿರುಗಿದರೂ ಒಬ್ಬ ನಿವೃತ್ತ ಕರ್ನಲ್. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಎಂದು ಬರೆಯುವಾಗ ಎಫ್, ಎಂ ಎರಡೂ ದೊಡ್ಡದು, ತಕರಾರಿಲ್ಲ. ಹೆಸರಿಲ್ಲದೆ ಬರೀ 'ದಿ ಕರ್ನಲ್' ಎಂದಾಗ ಸಿ ಸಣ್ಣದಿರಲಿ ಅನ್ನುತ್ತದೆ ವ್ಯಾಕರಣ. ಬರೆದು ನೋಡಿ! ಮನೆಯಲ್ಲಿ ಕೋವಿ ಇರುವವರ ಹುದ್ದೆಯನ್ನು ಸಣ್ಣದು ಮಾಡುವ ಧೈರ್ಯ ಡಿಟಿಪಿ ಹುಡುಗನಿಗೆ ಎಲ್ಲಿಂದ ಬರಬೇಕು?

ಒಂದು ವಿಷಯದಲ್ಲಿ ನಾನೂ ವ್ಯಾಕರಣದ ಜೊತೆ ಜಗಳಕ್ಕೆ ಸಿದ್ಧ. ತಿಂಗಳುಗಳಿಗೆ ದೊಡ್ಡಕ್ಷರ, ಋತುಗಳಿಗೆ ಸಣ್ಣದು ಅನ್ನುತ್ತದೆ. ಅಂದರೆ ಕೊಡವರ ಕಕ್ಕಡ ತಿಂಗಳಿಗೆ ಉಂಟು, ಕಕ್ಕಡದಲ್ಲಿ ಹಗಲೂ ರಾತ್ರಿ ಹೊಯ್ಯುವ ಮಾನ್ಸೂನ್‌ಗೆ ಇಲ್ಲ. ಭಾಗಮಂಡಲದಲ್ಲಿ ಒಂದು ಮಳೆಗಾಲ ಕಳೆದವರು ಈ ನಿಯಮ ಮಾಡಿರಲಾರರು.

ಹೋಂಸ್ಟೇ ಬೋರ್ಡುಗಳ ದಾರಿಯೇ ಬೇರೆ. ಅಲ್ಲಿ ಯಾರಿಗೂ ಬೇಜಾರಾಗದಂತೆ ಎಲ್ಲವೂ ದೊಡ್ಡಕ್ಷರ. ಕಾಫಿ ಹಣ್ಣು ಕೀಳಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ, ಕೊನೆಗೆ ಕೆಂಪು ಬಣ್ಣದಲ್ಲಿ 'ದಯವಿಟ್ಟು ನಿಶ್ಶಬ್ದವಾಗಿರಿ'. ವಾಟ್ಸಾಪ್‌ನಲ್ಲಿ ಹೀಗೆ ಬರೆದರೆ ಕಿರುಚಿದ ಹಾಗೆ ಅನ್ನುತ್ತಾರೆ. ಸದ್ದು ಮಾಡಬೇಡಿ ಎಂದು ತೋಟಕ್ಕೆಲ್ಲ ಕೇಳುವಂತೆ ಕೂಗಿದ್ದಾರೆ. ಬೋರ್ಡಿನ ಪಕ್ಕದಲ್ಲೇ ನಿಂತಿರುವ ಗಿಡಕ್ಕೆ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಕಾಫಿಯಾ ಅರಾಬಿಕಾ. ಕಾಫಿಯಾಗೆ ದೊಡ್ಡ ಸಿ, ಅರಾಬಿಕಾಗೆ ಸಣ್ಣ ಎ, ಅರೇಬಿಯಾದ ಹೆಸರು ಹೊತ್ತಿದ್ದರೂ. ಗಿಡ ಸುಮ್ಮನಿದೆ. ಸಂಘದ ಪದಾಧಿಕಾರಿಯಾಗಿದ್ದರೆ ರಾಜೀನಾಮೆ ಕೊಡುತ್ತಿತ್ತು.

ಎಲ್ಲಕ್ಕಿಂತ ಮಜಾ ಕಚೇರಿಗೆ ಕೊಡುವ ಅರ್ಜಿ. ಇಂಗ್ಲಿಷಿನವರ 'ನಾನು', ಅಂದರೆ ಆ ಒಂಟಿ ಐ, ವಾಕ್ಯದ ಯಾವ ಮೂಲೆಯಲ್ಲಿದ್ದರೂ ದೊಡ್ಡದೇ. 'ನೀವು' ಮಾತ್ರ ಸಣ್ಣದು. ನಮ್ಮ ಅರ್ಜಿದಾರನಿಗೆ ಈ ಸೊಕ್ಕು ಒಗ್ಗುವುದಿಲ್ಲ. ಸರ್‌ಗೆ ದೊಡ್ಡ ಎಸ್, ತಹಶೀಲ್ದಾರರಿಗೆ ದೊಡ್ಡ ಟಿ, ತನಗೆ ಸಣ್ಣ ಐ. ಜಮೀನು ಅಳೆದು ಬೇರೆ ಮಾಡಿಕೊಡುವ ಪೋಡಿಗಾಗಿ ಚಪ್ಪಲಿ ಸವೆಸಿ ನಾಲ್ಕನೇ ಅರ್ಜಿ ಬರೆಯುವಾಗಲೂ ಐ ಸಣ್ಣದೇ. ಜೊತೆಗೆ ಕೊಡುವ ಫಾರಂನಲ್ಲಿ ಮಾತ್ರ ಹೆಸರನ್ನು ಕ್ಯಾಪಿಟಲ್ ಲೆಟರ್‌ನಲ್ಲೇ ತುಂಬಬೇಕು, ಚೌಕಕ್ಕೊಂದು ಅಕ್ಷರದಂತೆ. ಮನೆತನದ ಹೆಸರು ಮುಗಿದು, ಅಪ್ಪನ ಹೆಸರೂ ಮುಗಿದು, ತನ್ನ ಹೆಸರಿನ ಸರದಿ ಬರುವಷ್ಟರಲ್ಲಿ ಚೌಕಗಳೇ ಮುಗಿದಿರುತ್ತವೆ.