ಒಂಬತ್ತಕ್ಕೆ ಒಂಬತ್ತು ಹೊಡೆದ ಕತೆ

ಕೊಪ್ಪಳದ ನಮ್ಮ ಮನೆಯಲ್ಲಿ ಗಣಿತ ಬಲ್ಲವನೆಂಬ ಹೆಸರು ನನಗೆ ಹೇಗೆ ಬಂತೆಂದು ಯಾರಿಗೂ ನೆನಪಿಲ್ಲ. ಸಂತೆಯಿಂದ ಬಂದೊಡನೆ ಚಿಲ್ಲರೆಯ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಒಪ್ಪಿಸುತ್ತಿದ್ದುದೇ ಕಾರಣವಿರಬೇಕು. ಆ ಹೆಸರನ್ನು ನಂಬಿದ ಅಣ್ಣನ ಮಗಳು, ನಾನು ಒಗ್ಗರಣಿ ಮಿರ್ಚಿಯ ತಟ್ಟೆಯ ಮುಂದೆ ಕುಳಿತಿದ್ದಾಗ, ಗಣಿತದ ನೋಟ್‌ಬುಕ್ ತಂದಿಟ್ಟಳು. 2/(ಎಕ್ಸ್ − 3) ಮತ್ತು 5/(3 − ಎಕ್ಸ್) ಇವುಗಳನ್ನು ಕೂಡಿಸಿ ಸಂಕ್ಷೇಪಿಸಬೇಕಿತ್ತು.

ಛೇದಗಳು ಬೇರೆಯಾಗಿದ್ದರೆ ಒಂದಕ್ಕೊಂದು ಗುಣಿಸಿಬಿಡುವುದು ನಾನು ಬಲ್ಲ ಏಕೈಕ ಉಪಾಯ. ಹಾಗೆ ಗುಣಿಸಿ, ಬಿಡಿಸಿ, ಮೇಲೆ 3ಎಕ್ಸ್ − 9, ಕೆಳಗೆ −ಎಕ್ಸ್² + 6ಎಕ್ಸ್ − 9 ಎಂದು ಬರೆದೆ. ಅಲ್ಲಿಯವರೆಗೆ ತಪ್ಪಿರಲಿಲ್ಲವೆಂಬುದನ್ನು ನನ್ನ ಪರವಾಗಿ ದಾಖಲಿಸಬೇಕು. ಆದರೆ ಮೇಲೊಂದು, ಕೆಳಗೊಂದು ಒಂಬತ್ತು ಕಂಡ ಮೇಲೆ ಕೈ ಸುಮ್ಮನಿರಲಿಲ್ಲ. ಎರಡನ್ನೂ ಹೊಡೆದುಹಾಕಿ, ಉಳಿದುದರಲ್ಲೆಲ್ಲ ಎಕ್ಸ್ ಇದ್ದುದರಿಂದ ಅದನ್ನೂ ಒಂದೊಂದು ಹೊಡೆದು, 3/(6 − ಎಕ್ಸ್) ಎಂಬ ಉತ್ತರದ ಕೆಳಗೆ ಎರಡು ಗೆರೆಯನ್ನೂ ಒಂದು ಎಣ್ಣೆಯ ಬೆರಳಚ್ಚನ್ನೂ ಮೂಡಿಸಿದೆ.

ಅವಳು ಮಾತಾಡದೆ ಎಕ್ಸ್‌ಗೆ 4 ಹಾಕಿ ನೋಡಿದಳು. ಪ್ರಶ್ನೆಯಲ್ಲಿ 2 ಮತ್ತು −5 ಕೂಡಿ −3 ಬಂತು. ನನ್ನ ಉತ್ತರದಲ್ಲಿ ಒಂದೂವರೆ ಬಂತು. "ಕಾಕಾ, ನಿಮ್ಮ ಲೆಕ್ಕದಾಗ ಸಾಲ ಮಾಡಿದವ್ರಿಗೆ ಲಾಭ ಬರತೈತ್ರಿ," ಎಂದಳು.

3 − ಎಕ್ಸ್ ಎಂಬುದು ಬೇರೆ ಯಾರೂ ಅಲ್ಲ, ಮುನಿಸಿಕೊಂಡು ಬೆನ್ನು ತಿರುಗಿಸಿ ಕುಳಿತ ಎಕ್ಸ್ − 3. ಒಂದು ಋಣ ಚಿಹ್ನೆಯನ್ನು ಹೊರಗೆ ತೆಗೆದರೆ ಛೇದ ಒಂದೇ ಆಗಿ, ಅಂಶದಲ್ಲಿ 2 − 5 ಉಳಿದು, −3/(ಎಕ್ಸ್ − 3) ಎಂದು ಎರಡೇ ಸಾಲಿನಲ್ಲಿ ಮುಗಿಯುತ್ತಿತ್ತು. ನನ್ನ ದೂರದ ದಾರಿಯಲ್ಲೂ ಅಪವರ್ತಿಸಿ, ಅಂದರೆ ಗುಣಾಕಾರದ ತುಂಡುಗಳಾಗಿ ಬಿಡಿಸಿ ಬರೆದಿದ್ದರೆ 3(ಎಕ್ಸ್ − 3) ಮೇಲೆ, −(ಎಕ್ಸ್ − 3)² ಕೆಳಗೆ ಬಂದು, ಒಂದು ಎಕ್ಸ್ − 3 ಅನ್ನು ಧಾರಾಳವಾಗಿ ಹೊಡೆಯಬಹುದಿತ್ತು. ಹೊಡೆಯಬೇಕಾದದ್ದು ಅಪವರ್ತನವನ್ನು, ನಾನು ಹೊಡೆದದ್ದು ಕೂಡಿಸಿ ಕಳೆದ ಪದಗಳನ್ನು. ಅಡುಗೆಮನೆಯಿಂದ ಅವ್ವ, "ಅರ್ಧ ಎಕರೆ, ಕಾಲು ಎಕರೆ, ಮ್ಯಾಲ ಆರು ಗುಂಟೆ ಅಂದ್ರ ಮೂವತ್ತಾರು ಗುಂಟೆ. ಎಲ್ಲಾ ಗುಂಟೆ ಮಾಡ್ಕೊಂಡು ಕೂಡ್ಸೋದಕ್ಕ ಇಷ್ಟು ಹಾಳಿ ಯಾಕ ಕೆಡಿಸ್ತಿ?" ಎಂದು ಕೇಳಿದಳು.

ಮಾನ ಉಳಿಸಿಕೊಳ್ಳಲು ನಾನು ಇತಿಹಾಸಕ್ಕೆ ಜಾರಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಲಸಾಅವನ್ನು (ಲಘುತಮ ಸಾಮಾನ್ಯ ಅಪವರ್ತ್ಯವನ್ನು) 'ನಿರುದ್ಧ' ಎಂದು ಕರೆದು ಭಿನ್ನರಾಶಿಗಳ ಛೇದವನ್ನು ಸಮ ಮಾಡುವ ಕ್ರಮ ಹೇಳಿದನೆಂದೂ, ಅದೇ ಕಾಲದ ಕವಿರಾಜಮಾರ್ಗವು ನಮ್ಮ ಕೊಪಣವನ್ನು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದೆಯೆಂದೂ ವಿವರಿಸಿದೆ. "ಒಂಬತ್ತಕ್ಕ ಒಂಬತ್ತು ಹೊಡೀರಿ ಅಂತ ಅವ್ರು ಹೇಳಿದ್ರೇನ್ರಿ?" ಎಂದಳು ಅಣ್ಣನ ಮಗಳು.

ಅವಳು ಸರಿಯುತ್ತರ ಬರೆದರೂ ನನ್ನ ಪುಟವನ್ನು ಹರಿಯಲಿಲ್ಲ. ಮರುದಿನ ಅದರ ಉದ್ದಕ್ಕೂ ಕೆಂಪು ಗೆರೆ ಬಿದ್ದು, ಕೆಳಗೆ 'ಪಾಲಕರ ಸಹಿ ತರುವುದು' ಎಂದು ಬರೆದು ಬಂತು. ಅಣ್ಣ ಊರಲ್ಲಿರಲಿಲ್ಲವಾದ್ದರಿಂದ ಆ ಸಹಿಯನ್ನೂ ನಾನೇ ಹಾಕಿದೆ.