ಯಾರೂ ಮಾರದ, ಯಾರೂ ಕುಡಿಯದ ಎಣ್ಣೆ

ನಮ್ ದೇಶದ ಎಣ್ಣೆ ಮಾರ್ಕೆಟ್ಟಿನಷ್ಟು ಸಂಭಾವಿತ ಮಾರ್ಕೆಟ್ಟು ಇನ್ನೊಂದಿಲ್ಲ ನೋಡಿ. ಕಂಪನಿಯವ್ರು ಟಿವಿಲಿ ಸೋಡಾ ಮಾರ್ತಾರೆ, ಮ್ಯೂಸಿಕ್ ಸಿಡಿ ಮಾರ್ತಾರೆ, ಅಪ್ಪಿತಪ್ಪಿಯೂ ಎಣ್ಣೆ ಸುದ್ದಿ ಎತ್ತಲ್ಲ. ಸರ್ಕಾರದವ್ರು ಸಂವಿಧಾನದ 47ನೇ ವಿಧಿ ತೋರಿಸಿ ಪಾನನಿಷೇಧನೇ ನಮ್ಮ ಗುರಿ ಅಂತಾರೆ. ಕುಡಿಯೋನು ಕಪ್ಪು ಕವರಲ್ಲಿ ಸುತ್ಕೊಂಡು ಬಂದು, ಎಲ್ಲಿಗೆ ಹೋಗಿದ್ದೆ ಅಂದ್ರೆ ಮೆಡಿಕಲ್ ಶಾಪಿಗೆ ಅಂತಾನೆ. ಮಾರೋರಿಲ್ಲ, ಕೊಳ್ಳೋರಿಲ್ಲ, ಕುಡಿಯೋರಂತೂ ಇಲ್ಲವೇ ಇಲ್ಲ, ಆದ್ರೂ ಸಂಜೆ ಆಯ್ತು ಅಂದ್ರೆ ಅಂಗಡಿ ಮುಂದೆ ಗಾಡಿ ನಿಲ್ಸಕ್ಕೆ ಜಾಗ ಸಿಗಲ್ಲ.

ಜಾಹೀರಾತಿಂದನೇ ಶುರು ಮಾಡಣ. ಟಿವಿಲಿ ಮದ್ಯದ ಜಾಹೀರಾತು ಹಾಕಂಗಿಲ್ಲ ಅಂತ ಕೇಬಲ್ ಟಿವಿ ನಿಯಮ ಇದೆ. ಸರಿ, ಹಾಕಲ್ಲ ಬಿಡಿ. ಒಬ್ಬ ಹೀರೋ ಹೆಲಿಕಾಪ್ಟರಿಂದ ಇಳೀತಾನೆ, ಸುತ್ತ ಹತ್ತು ಜನ ಕುಣೀತಾರೆ, ಸೂರ್ಯ ಮುಳುಗ್ತಾನೆ, ಗಾಜಿನ ಲೋಟದಲ್ಲಿ ಐಸ್ ಕ್ಯೂಬ್ ಟಣ್ ಅನ್ನುತ್ತೆ, ಕೊನೆಗೆ ಕೆಳಗೆ ಇರುವೆ ಸೈಜಲ್ಲಿ ‘ಪ್ಯಾಕೇಜ್ಡ್ ಕುಡಿಯುವ ನೀರು’ ಅಂತ ಬರುತ್ತೆ. ನೀರು ಕುಡಿದು ಇಷ್ಟು ಖುಷಿಪಡೋ ಜನ ಬೇರೆ ಯಾವ ದೇಶದಲ್ಲಿದಾರೆ ಹೇಳಿ. ನಮ್ಮ ಆರ್‌ಸಿಬಿ ಹೆಸರಲ್ಲಿರೋ ‘ರಾಯಲ್ ಚಾಲೆಂಜರ್ಸ್’ ಕೂಡ ಒಂದು ವಿಸ್ಕಿ ಬ್ರ್ಯಾಂಡಿಂದ ಬಂದಿದ್ದು, ಹದಿನೆಂಟು ವರ್ಷ ಭಕ್ತಿಯಿಂದ ಕೂಗಿದ ನಾವು ಅದನ್ನ ಏನೋ ರಾಜವಂಶದ ಬಿರುದು ಅನ್ಕೊಂಡಿದ್ವಿ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಒಂದು ದೇಶ ಒಂದು ತೆರಿಗೆ ಅಂತ, ಕುಡಿಯೋ ಮದ್ಯನ ಮಾತ್ರ ಅದರಿಂದ ಹೊರಗಿಟ್ರು. ಕಾವೇರಿ ನೀರಿಗೆ ಕೋರ್ಟಿಂದ ಕೋರ್ಟಿಗೆ ಅಲೆಯೋ ರಾಜ್ಯಗಳು ಈ ನೀರಿನ ವಿಷ್ಯಕ್ಕೆ ಬಂದಾಗ ಮಾತ್ರ ಅಣ್ಣತಮ್ಮಂದಿರ ಥರ ಒಂದಾಗ್ಬಿಟ್ವು. ಹಂಗಾಗಿ ಒಂದೇ ಬಾಟ್ಲಿಗೆ ರಾಜ್ಯಕ್ಕೊಂದು ಲೇಬಲ್ಲು, ರಾಜ್ಯಕ್ಕೊಂದು ರೇಟು. ಗೋವಾದಲ್ಲಿ ಟೂರಿಸ್ಟ್ ಆಗಿ ಕೊಂಡ್ಕೊಂಡೋನು ನಮ್ಮ ಗಡಿಯ ಮಾಜಾಳಿ ಚೆಕ್‌ಪೋಸ್ಟಿಗೆ ಬರೋಷ್ಟರಲ್ಲಿ ಸ್ಮಗ್ಲರ್ ಆಗಿರ್ತಾನೆ, ಬಾಟ್ಲು ಅದೇ, ಮನುಷ್ಯನೂ ಅವ್ನೇ.

ಇನ್ನು ಪಾನನಿಷೇಧ ಇರೋ ರಾಜ್ಯಗಳ ಕತೆ ಕೇಳ್ಬೇಕು. ಬಿಹಾರ 2016ರ ಏಪ್ರಿಲಿಂದ ಡ್ರೈ. ಅಲ್ಲಿ ಪೊಲೀಸ್ರು ಹಿಡಿದಿಟ್ಟ ಮಾಲು ಠಾಣೆಯಿಂದ ಮಾಯ ಆಗಿ, 2017ರಲ್ಲಿ ಎಲ್ರಪ್ಪಾ ಅಂತ ಕೇಳಿದ್ರೆ ಇಲಿಗಳು ಕುಡಿದ್ವು ಸಾರ್ ಅಂತ ಉತ್ತರ ಬಂತು. ಆಮೇಲೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬಂದಾಗ ನೋಡಿದ್ರೆ ಡ್ರೈ ಬಿಹಾರದಲ್ಲಿ ಕುಡಿಯೋ ಗಂಡಸ್ರು ಶೇ. 15.5, ಬಾರುಗಳೆಲ್ಲ ಓಪನ್ ಇರೋ ಮಹಾರಾಷ್ಟ್ರದಲ್ಲಿ ಶೇ. 13.9. ನೆನಪಿರ್ಲಿ, ಸಮೀಕ್ಷೆಯವ್ರು ಇಲಿಗಳನ್ನ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಗುಜರಾತಂತೂ ಹುಟ್ಟಿದಾಗಿಂದ ಡ್ರೈ, ಆದ್ರೆ ಆರೋಗ್ಯದ ಕಾರಣ ಕೊಟ್ರೆ ಪರ್ಮಿಟ್ ಸಿಗುತ್ತೆ. ಅಂದ್ರೆ ಬಾಟ್ಲು ಮೇಲೆ ಆರೋಗ್ಯಕ್ಕೆ ಹಾನಿಕರ ಅಂತ ಬರೆದಿರೋದನ್ನ ಅಲ್ಲಿನ ಜನ ಡಾಕ್ಟ್ರ ಚೀಟಿ ಇಟ್ಕೊಂಡು ಆರೋಗ್ಯಕ್ಕೋಸ್ಕರ ಕುಡೀತಾರೆ. 2023ರ ಕೊನೇಲಿ ಗಾಂಧಿನಗರದ ಹತ್ರ ಇರೋ ಹಣಕಾಸು ಕಂಪನಿಗಳ ಊರು ಗಿಫ್ಟ್ ಸಿಟಿ ಒಳಗೆ ಮಾತ್ರ ಒಂಚೂರು ಸಡಿಲ ಮಾಡಿದ್ರು, ಕೋಟಿಗಟ್ಲೆ ಬಂಡವಾಳ ಒಣಗಂಟಲಲ್ಲಿ ಬರಲ್ಲ ಅಂತ ಯಾರಿಗೋ ಹೊಳೆದಿರ್ಬೇಕು.

ನನಗೆ ಭಾಳ ಇಷ್ಟ ಆಗಿದ್ದು ಹೈವೇ ಪ್ರಸಂಗ. ಕುಡಿದು ಗಾಡಿ ಓಡ್ಸಿ ಜನ ಸಾಯ್ತಿದಾರೆ ಅಂತ ಸುಪ್ರೀಂ ಕೋರ್ಟು 2016ರ ಡಿಸೆಂಬರಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರ್ಬಾರ್ದು ಅಂತು. ನ್ಯಾಯವಾದ ಮಾತು. ನಮ್ಮ ಸರ್ಕಾರಗಳು ತಲೆ ಕೆರ್ಕೊಂಡು, ಅಂಗಡಿ ಎತ್ತೋದ್ಯಾಕೆ, ಹೆದ್ದಾರಿನೇ ಎತ್ತಿದ್ರಾಯ್ತಲ್ಲ ಅಂತ ಊರೊಳಗಿನ ಹೆದ್ದಾರಿಗಳ ಪಟ್ಟ ಕಿತ್ತು ಮಾಮೂಲಿ ರಸ್ತೆ ಮಾಡಕ್ಕೆ ಹೊರಟ್ವು. ರಸ್ತೆ ಅದೇ, ಲಾರಿ ಅದೇ, ಬೋರ್ಡು ಮಾತ್ರ ಬೇರೆ. ಕೇರಳದ ಉತ್ತರ ಪರವೂರಲ್ಲಿ ಒಂದು ಬಾರಿನೋರು ಇನ್ನೂ ಬುದ್ಧಿವಂತ್ರು, ಬಾರ್ ಇದ್ದಲ್ಲೇ ಬಿಟ್ಟು ಗೇಟಿಂದ ಬಾಗಿಲವರೆಗೆ ಸುತ್ತಿಸುತ್ತಿ ಗೋಡೆ ಎಬ್ಬಿಸಿ ಚಕ್ರವ್ಯೂಹ ಕಟ್ಟಿದ್ರು, ನಡೆಯೋ ದೂರ ಲೆಕ್ಕಕ್ಕೆ ಬರುತ್ತಲ್ಲ ಅಂತ. ಒಳಗೆ ಹೋಗೋರೇನೋ ಹೋಗ್ಬಿಡ್ತಾರೆ, ವಾಪಸ್ ಬರೋರ ಗತಿ ಏನು ಸ್ವಾಮಿ? ಅಭಿಮನ್ಯುಗೂ ಹೊರಗೆ ಬರೋ ದಾರಿ ಗೊತ್ತಿರ್ಲಿಲ್ಲ, ಅವ್ನು ಕುಡಿದೂ ಇರ್ಲಿಲ್ಲ.

ನಮ್ ಕರ್ನಾಟಕದ ಮರ್ಯಾದೆ ಇನ್ನೊಂದು ಥರದ್ದು. 2007ರ ಜುಲೈಲಿ ಸಾರಾಯಿ ನಿಲ್ಸಿದ್ರು, ಬಡವರ ಮನೆ ಉದ್ಧಾರ ಆಗ್ಲಿ ಅಂತ. ಆಮೇಲೆ ಅದೇ ಬಡವ ಹೋಗಿ ನೈಂಟಿ ಟೆಟ್ರಾ ಪ್ಯಾಕ್ ಹಿಡ್ಕೊಂಡ, ದುಡ್ಡು ಜಾಸ್ತಿ ಕೊಟ್ಟ, ಹಂಗಾಗಿ ಉದ್ಧಾರ ಅಂತೂ ಆಯ್ತು, ಯಾರದ್ದು ಅಂತ ಕೇಳ್ಬೇಡಿ. ಕುಡೀಬೇಡಿ ಅಂತ ಊರೂರಲ್ಲಿ ಹೇಳಕ್ಕೆ ಮದ್ಯಪಾನ ಸಂಯಮ ಮಂಡಳಿ ಇದೆ, ಸಪ್ಲೈ ನಿಲ್ಲದಂಗೆ ನೋಡ್ಕೊಳಕ್ಕೆ ಪಾನೀಯ ನಿಗಮ ಇದೆ, ಎರಡೂ ಒಂದೇ ಸರ್ಕಾರದ ಕೂಸುಗಳು. ಸಂಯಮದವ್ರ ಭಾಷಣ ಕೇಳಿ ನಾಳೆ ಬೆಳಗ್ಗೆ ಇಡೀ ರಾಜ್ಯ ಕುಡಿಯೋದು ಬಿಟ್ರೆ ಸಂಜೆ ಒಳಗೆ ಹಣಕಾಸು ಇಲಾಖೆಯವ್ರೇ ಮಂಡಳಿ ಮುಂದೆ ಧರಣಿ ಕೂರ್ತಾರೆ. ಸರ್ಕಾರದ್ದೇ ಕಂಪನಿ ಎಂಎಸ್‌ಐಎಲ್ ಅಂತೂ ಇಡೀ ಕುಟುಂಬದ ಹಿತೈಷಿ: ಮಗನಿಗೆ ನೋಟ್‌ಬುಕ್ಕು, ಅಮ್ಮನಿಗೆ ಚಿಟ್ ಫಂಡು, ಅಪ್ಪನಿಗೆ ಕ್ವಾರ್ಟರ್.

ಈ ನಾಟಕದ ಮುಸುಕು ಒಂದೇ ಒಂದ್ಸಲ ಜಾರಿದ್ದು 2020ರ ಲಾಕ್‌ಡೌನಲ್ಲಿ. ದೇವಸ್ಥಾನ ಬಂದ್, ಸ್ಕೂಲ್ ಬಂದ್, ಆದ್ರೆ ಮೇ 4ಕ್ಕೆ ವೈನ್ ಶಾಪ್ ಓಪನ್. ಕರ್ನಾಟಕದಲ್ಲಿ ಮೊದಲ್ನೇ ದಿನ 45 ಕೋಟಿ, ಮಾರನೇ ದಿನ 197 ಕೋಟಿ ವ್ಯಾಪಾರ. ದಿಲ್ಲಿ ಸರ್ಕಾರ ರಾತ್ರೋರಾತ್ರಿ ಶೇ. 70 ‘ವಿಶೇಷ ಕೊರೊನಾ ಶುಲ್ಕ’ ಹಾಕ್ತು, ಜನ ಬಿಸಿಲಲ್ಲಿ ಮಾಸ್ಕ್ ಹಾಕ್ಕೊಂಡು ಕ್ಯೂ ನಿಂತು ಕೊಟ್ರು. ಆದಾಯ ತೆರಿಗೆ ಕಟ್ಟಕ್ಕೆ ಯಾರಾದ್ರೂ ಹಿಂಗೆ ಬೆಳಗ್ಗೆ ಆರಕ್ಕೆ ಬಂದು ಕ್ಯೂ ಹಚ್ಚಿದ್ದು ಉಂಟಾ? ಆದ್ರೂ ಈ ತೆರಿಗೆದಾರನಿಗೆ ಸನ್ಮಾನ ಬೇಡ, ಕೂತ್ಕೊಳಕ್ಕೆ ಒಂದು ಬೆಂಚಾದ್ರೂ ಬೇಡ್ವಾ, ಎಂಆರ್‌ಪಿ ಅಂಗಡಿ ಕಬ್ಬಿಣದ ಸರಳಿನ ಆಚೆ ಕೈ ಚಾಚಿ ಕಳ್ಳನ ಥರ ಇಸ್ಕೋಬೇಕು.

ಇದೆಲ್ಲ ನೋಡಿನೋ ಏನೋ, 2025ರ ಮಾರ್ಚಲ್ಲಿ ವಿಧಾನಸಭೆಲಿ ಜೆಡಿಎಸ್ ಶಾಸಕ ಎಂ.ಟಿ. ಕೃಷ್ಣಪ್ಪನವ್ರು ಎದ್ದು ನಿಂತು, ಹೆಂಗಸ್ರಿಗೆ ತಿಂಗಳಿಗೆ 2,000 ಕೊಡ್ತೀರಿ, ಬಸ್ ಫ್ರೀ ಮಾಡಿದೀರಿ, ಕುಡಿಯೋ ಗಂಡಸ್ರಿಗೆ ವಾರಕ್ಕೆ ಎರಡು ಬಾಟ್ಲು ಫ್ರೀ ಕೊಡಿ ಅಂದ್ರು. ಅದಕ್ಕೆ ಸಚಿವ ಕೆ.ಜೆ. ಜಾರ್ಜ್, ನೀವೇ ಗೆದ್ದು ಸರ್ಕಾರ ಮಾಡಿ ಕೊಡಿ, ನಾವು ಜನ ಕುಡಿಯೋದು ಕಡಿಮೆ ಮಾಡೋ ಪ್ರಯತ್ನದಲ್ಲಿದೀವಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ರು. ಅದೇ ತಿಂಗಳು 7ಕ್ಕೆ ಮಂಡಿಸಿದ್ದ ಬಜೆಟ್ಟಲ್ಲಿ ಅಬಕಾರಿ ಇಲಾಖೆಗೆ ಕೊಟ್ಟಿದ್ದ ಟಾರ್ಗೆಟ್ಟು 40,000 ಕೋಟಿ ರೂಪಾಯಿ. ಕಡಿಮೆ ಕುಡಿದು 40,000 ಕೋಟಿ ಕಟ್ಟೋದು ಹೆಂಗೆ ಅಂತ ಎಷ್ಟು ಲೆಕ್ಕ ಹಾಕಿದ್ರೂ ಒಂದೇ ದಾರಿ ಕಾಣೋದು, ಖಾಲಿ ಬಾಟ್ಲು ಕೊಟ್ಟು ಫುಲ್ ದುಡ್ಡು ಇಸ್ಕೊಳೋದು. ನೀರು ಬೆರೆಸೋ ಬಾರಿನೋರು ಆಗ್ಲೇ ಅರ್ಧ ದಾರಿ ಬಂದಿದಾರೆ, ಪಾಪ.